ಅಂಕಲಿಯ ವಾಡೆ ಮತ್ತು ಮೋಡಿ ಲಿಪಿ

ಪ್ರತಿವರ್ಷ ಆಷಾಢವಾರಿಗೆ ಮುನ್ನ ಅಂಕಲಿಯ ಶಿತೋಳೆ ಸರಕಾರರ ವಾಡೆಯಿಂದ ಎರಡು ಕುದುರೆಗಳು ನಡೆದೇ ಆಳಂದಿಗೆ ಹೊರಡುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಬರಿದು, ಅದು ಜ್ಞಾನೇಶ್ವರ ಮಾವುಲಿಯದು. ಹೈಬತ್‌ಬಾಬಾ ಆರಫಳಕರರು ಪಾಲಕಿಯ ಪದ್ಧತಿಯನ್ನು ಕಟ್ಟಿದಂದಿನಿಂದ ಬಂದ ಸೇವೆಯಿದು. ಕುದುರೆಯನ್ನು ನಾಡೆಲ್ಲ ಬಲ್ಲದು. ವಾಡೆಯನ್ನು ಬಲ್ಲವರು ವಿರಳ.

1794ರಲ್ಲಿ ತೀರಿಕೊಂಡ ಮಹಾದಜಿ ಶಿಂದೆಯವರ ಅಳಿಯ ಲಾಡೋಜಿ ಶಿತೋಳೆಯವರ ಮನೆತನವಿದು. ಇಂಥ ಸರದಾರರ ಚರಿತ್ರೆಯನ್ನು ಮರಾಠಿ ವಿದ್ವಾಂಸರ ಪಾಲೆಂದು ನಾವು ಬಿಟ್ಟುಕೊಟ್ಟಿರುವುದು ನನಗೆ ಸರಿದೋರದು. ಕೃಷ್ಣೆಯ ದಡದಲ್ಲಿ ಉತ್ತು ಬಿತ್ತಿ ವಾಡೆಗಳಿಗೆ ಕಾಳು ಅಳೆದವನು ಕನ್ನಡ ರೈತನಲ್ಲವೇ? ಲೆಕ್ಕ ಮಾತ್ರ ಮೋಡಿಯಲ್ಲಿ! ಶಾಸನಕ್ಕಾಗಿ ಹಳೆಯ ಲಿಪಿಗಳನ್ನು ಕಲಿಯುವ ನಾವು ಮೋಡಿಯನ್ನೇಕೆ ಕಲಿಯಬಾರದು? ಎಂ.ಎ. ತರಗತಿಯಲ್ಲಿ ನನಗದನ್ನು ಯಾರೂ ಕಲಿಸಲಿಲ್ಲ. ನಾನೂ ಯಾರಿಗೂ ಕಲಿಸಿಲ್ಲ. ಹಳೆಯ ದಫ್ತರಗಳು ಗೆದ್ದಲ ಪಾಲಾಗುವ ಮುನ್ನ, ಬರುವ ಬೇಸಗೆಯಲ್ಲಾದರೂ ಅಕ್ಷರಾಭ್ಯಾಸಕ್ಕೆ ಕುಳಿತುಕೊಳ್ಳಬೇಕೆಂದಿದ್ದೇನೆ.