ರುಜುವಿಗೂ ರಸೀದಿ ಬೇಕೆ?

ಹಾಸನದ ಜನಕ್ಕೆ ಸಾಲಿನಲ್ಲಿ ನಿಲ್ಲುವುದು ಹೊಸದಲ್ಲ. ಆಶ್ವಯುಜದಲ್ಲಿ ಹಾಸನಾಂಬೆಯ ಗುಡಿ ಬಾಗಿಲು ತೆರೆಯಿತೆಂದರೆ ಹಗಲೂ ರಾತ್ರಿ ಸಾಲು. 300 ರೂಪಾಯಿ ಟಿಕೆಟಿನವರದು ಒಂದು ಸಾಲು, 1000 ರೂಪಾಯಿಯವರದು ಇನ್ನೊಂದು. ಏನೂ ಕೊಡಲಾರದವರಿಗೆ ಧರ್ಮದರ್ಶನದ ಸಾಲು ಇದ್ದೇ ಇದೆ. ಹೊತ್ತು ಹಿಡಿಯುತ್ತದೆ, ಕಾಲು ಸೇದುತ್ತದೆ, ಪಕ್ಕದವರ ಬೈಗುಳವನ್ನೂ ಕೇಳಬೇಕಾಗುತ್ತದೆ. ಆದರೂ ಕೊನೆಗೊಮ್ಮೆ ತಾಯಿಯ ದರ್ಶನ ಸಿಗುತ್ತದೆ.

ಸಾಹಿತಿಗಳ ದರ್ಶನಕ್ಕೆ ಮಾತ್ರ ಈಗೀಗ ಧರ್ಮದರ್ಶನದ ಸಾಲೇ ಇಲ್ಲವಾಗಿದೆ!

ನಂಬಿಕೆ ಬಾರದಿದ್ದರೆ ಹೆಸರಾಂತ ಕಾದಂಬರಿಕಾರರೋ ಕಥೆಗಾರರೋ ಬರುವ ಒಂದು ಪುಸ್ತಕ ಬಿಡುಗಡೆಗೆ ಹೋಗಿ ಬಾಗಿಲ ಬಳಿ ನಿಂತು ನೋಡಿ. ಆಟೋಗ್ರಾಫ್ ಬೇಕೆಂದು ಬಂದವರು ಸುಲಭವಾಗಿ ಗುರುತಿಗೆ ಸಿಗುತ್ತಾರೆ. ಅವರು ಮುಂದಿನ ಸಾಲಿನ ಸೋಫಾದವರಲ್ಲ. ಹಿಂದೆ, ಗೋಡೆಗೆ ಒರಗಿ ನಿಂತವರು. ಕೈಯಲ್ಲಿ ಒಂದು ಬಟ್ಟೆಚೀಲ, ಅದರೊಳಗೆ ರಟ್ಟು ಕಿತ್ತುಬಂದ ಹಳೇ ಪುಸ್ತಕ, ಇಲ್ಲದಿದ್ದರೆ ಮಗಳ ಶಾಲೆಯ ನೋಟ್‌ಬುಕ್ಕು. ಭಾಷಣಗಳೆಲ್ಲ ಮುಗಿದು ಲೇಖಕರು ಕೆಳಗಿಳಿದು ಬಂದಾಗ ಇವರು ಹೆದರುತ್ತಲೇ ಮುಂದೆ ಬರುತ್ತಾರೆ. ಅಷ್ಟರಲ್ಲಿ ಮಾರಾಟದ ಮೇಜಿನಿಂದ ಒಬ್ಬ ಹುಡುಗನ ದನಿ ಏಳುತ್ತದೆ:

“ಅಮ್ಮಾ, ಬಿಲ್ ಎಲ್ಲಿ? ಇಲ್ಲಿ ತಗೊಂಡಿರೋ ಪುಸ್ತಕಕ್ಕೆ ಮಾತ್ರ ಸೈನು. ಹಳೇವಕ್ಕೆಲ್ಲ ಇಲ್ಲ. ಜಾಗ ಬಿಡಿ, ಹಿಂದಿನೋರು ಬರ್ಲಿ.”

ಎಲ್ಲ ಕಡೆಯೂ ಹೀಗೆಯೇ ಎಂದಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಈ ಕಾಯಿಲೆ ಹರಡುತ್ತಿದೆ. ದೊಡ್ಡ ಊರುಗಳ ಪುಸ್ತಕದಂಗಡಿಗಳಲ್ಲಿ ಹುಟ್ಟಿದ ಪದ್ಧತಿ ಜಿಲ್ಲಾ ಕೇಂದ್ರಗಳಿಗೂ ಬಂದು ಕೂತಿದೆ. ಅಂಗಡಿಯವನು ತನ್ನ ಅಂಗಡಿಯಲ್ಲಿ ಏನು ನಿಯಮವನ್ನಾದರೂ ಮಾಡಿಕೊಳ್ಳಲಿ. ಸಾರ್ವಜನಿಕರನ್ನು ಕರಪತ್ರ ಹಂಚಿ ಕರೆದ ಸಭೆಯಲ್ಲಿ, ಸರ್ಕಾರದ ಅನುದಾನದಿಂದ ಶಾಮಿಯಾನ ಹಾಕಿದ ಜಾಗದಲ್ಲಿ, ರುಜುವಿಗೆ ರಸೀದಿ ಕೇಳುವುದು ಎಂಥ ನ್ಯಾಯ?

ಪುಸ್ತಕ ಕೊಳ್ಳದವರೆಲ್ಲ ಬಿಟ್ಟಿ ಗಿರಾಕಿಗಳೆ?

ಹೀಗೆ ಅಟ್ಟಿಸಿಕೊಂಡು ಹೋಗುವವರು ಯಾರು ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ಎಪ್ಪತ್ತು ಎಂಬತ್ತರ ದಶಕದಲ್ಲಿ ಊರೂರಿನ ಓಣಿಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ಕಿರಾಣಿ ಅಂಗಡಿಯಷ್ಟೇ ಅಗಲದ ಕೋಣೆ, ಕಂದು ಕಾಗದದ ಹೊದಿಕೆ ಹಾಕಿ ನಂಬರು ಬರೆದ ಕಾದಂಬರಿಗಳು. ದಿನಕ್ಕೆ ಇಷ್ಟು ಪೈಸೆ ಬಾಡಿಗೆ. ಮಧ್ಯಾಹ್ನದ ಕೆಲಸ ಮುಗಿಸಿದ ಹೆಂಗಸರು, ಕಾಲೇಜು ಹುಡುಗಿಯರು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಪುಸ್ತಕ ಹರಡಿಕೊಂಡ ಬಟ್ಟೆ ಅಂಗಡಿ ಗುಮಾಸ್ತರು, ಇವರೇ ಅ.ನ.ಕೃ., ತ.ರಾ.ಸು., ತ್ರಿವೇಣಿ, ಎಂ.ಕೆ. ಇಂದಿರಾ ಅವರ ಓದುಗರು. ಒಂದು ಪ್ರತಿ ಐವತ್ತು ಮನೆ ಸುತ್ತಿ ಹಾಳೆಯ ಮೂಲೆಗಳೆಲ್ಲ ಉಂಡೆಯಾಗಿ ವಾಪಸು ಬರುತ್ತಿತ್ತು. ಓದಿದ ಪುಸ್ತಕ ನೂರಾರು ಇದ್ದರೂ ಮನೆಯಲ್ಲಿ ಸ್ವಂತದ್ದೆಂದು ಇದ್ದದ್ದು ಪಂಚಾಂಗ ಒಂದೇ.

ಇನ್ನು ಕೆಲವರು ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಯ ಪುಟಗಳನ್ನು ವಾರವಾರವೂ ಕಿತ್ತು ಜೋಡಿಸಿಟ್ಟು, ಮುಗಿದ ಮೇಲೆ ದಾರ ಹಾಕಿ ಹೊಲಿದು ಬೈಂಡು ಮಾಡಿಸುತ್ತಿದ್ದರು. ಸುಧಾ, ಪ್ರಜಾಮತ, ತರಂಗಗಳ ಅಂಥ ಬೈಂಡುಗಳು ಇವತ್ತಿಗೂ ಎಷ್ಟೋ ಮನೆಗಳ ಅಟ್ಟದ ಮೇಲಿವೆ. ಒಬ್ಬ ಲೇಖಕನಿಗೆ ಓದುಗರು ಸಲ್ಲಿಸಬಹುದಾದ ಗೌರವದಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆ? ಆದರೆ ಮಾರಾಟದ ಮೇಜಿನ ಹುಡುಗನ ಕಣ್ಣಿಗೆ ಅದು ಪುಸ್ತಕವೇ ಅಲ್ಲ, ಅದಕ್ಕೆ ಬಿಲ್ ಇಲ್ಲ!

ಸರ್ಕಾರಿ ಗ್ರಂಥಾಲಯದಿಂದ ತಂದು ಓದುವವರ ಕಥೆಯೂ ಇದೇ. ಅವರನ್ನು ‘ಬಿಟ್ಟಿ ಓದುವವರು’ ಎಂದು ಹಗುರವಾಗಿ ಮಾತಾಡುವವರುಂಟು. ಈ ಮಾತು ಶುದ್ಧ ತಪ್ಪು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ, ತೆರಿಗೆಯ ಶೇ. 6ರಷ್ಟು. ಅಂಗಡಿ ಮಾಲೀಕರು ತಮ್ಮ ತೆರಿಗೆ ರಸೀದಿಯನ್ನು ತೆಗೆದು ನೋಡಿಕೊಳ್ಳಲಿ. ಕಟ್ಟಡ ಬಾಡಿಗೆಯದಾದರೆ ಮಾಲೀಕ ಅದನ್ನು ಬಾಡಿಗೆಯಲ್ಲಿ ಸೇರಿಸದೆ ಬಿಡುತ್ತಾನೆಯೆ? ಅಂದರೆ ಗ್ರಂಥಾಲಯದ ಪುಸ್ತಕಕ್ಕೆ ಊರಿನವರೆಲ್ಲ ದುಡ್ಡು ಕೊಟ್ಟವರೇ. ರಸೀದಿ ಬೇಕೇಬೇಕು ಅನ್ನುವುದಾದರೆ ಇದನ್ನೇ ತೋರಿಸಬಹುದಲ್ಲ!

ಪ್ರಕಾಶಕರ ಕಷ್ಟವೂ ಸುಳ್ಳಲ್ಲ. ಕನ್ನಡ ಪುಸ್ತಕವೊಂದು ಸಾವಿರ ಪ್ರತಿ ಅಚ್ಚಾದರೆ ದೊಡ್ಡದು, ಐದುನೂರಕ್ಕೆ ನಿಲ್ಲಿಸುವವರೂ ಇದ್ದಾರೆ. ಕಾಗದ, ಮುದ್ರಣ, ಲಾರಿ ಬಾಡಿಗೆ ಎಲ್ಲ ಏರಿದೆ. ಲೇಖಕರಿಗೆ ಮುಖಬೆಲೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರ ಲೆಕ್ಕ, ಅದೂ ಪುಸ್ತಕ ಮಾರಾಟವಾದರೆ. ಬಾಡಿಗೆ ಲೈಬ್ರರಿಯ ಪ್ರತಿ ಐವತ್ತು ಮನೆ ಸುತ್ತಿದರೂ ಬರೆದವರ ಕೈಸೇರಿದ್ದು ಒಂದೇ ಪ್ರತಿಯ ಹಣ. ಇಂಗ್ಲೆಂಡಿನಲ್ಲಿ 1979ರಲ್ಲೇ ಕಾಯ್ದೆ ಮಾಡಿ, ಗ್ರಂಥಾಲಯದಿಂದ ಜನ ಒಯ್ದು ಓದಿದ್ದಕ್ಕೂ ಲೇಖಕರಿಗೆ ಸರ್ಕಾರವೇ ಹಣ ಕೊಡುವ ಏರ್ಪಾಡು ಮಾಡಿದರು. ಭಾರತದಲ್ಲಿ ಅಂಥದ್ದೇನೂ ಇಲ್ಲ. ಆದ್ದರಿಂದ ಬಿಡುಗಡೆಯ ದಿನ ನಾಲ್ಕು ಪ್ರತಿ ಹೆಚ್ಚು ಮಾರಬೇಕೆಂದು ಪ್ರಕಾಶಕರು ಆಸೆಪಟ್ಟರೆ ಅವರನ್ನು ದೂರುವಂತಿಲ್ಲ. ಮಾರಲಿ, ಕೂಗಿ ಮಾರಲಿ, ರಿಯಾಯಿತಿ ಕೊಟ್ಟು ಮಾರಲಿ. ಆದರೆ ಇಪ್ಪತ್ತು ವರ್ಷ ಓದಿದವರನ್ನು ಸಾಲಿನಿಂದ ಎಬ್ಬಿಸಿದರೆ ಒಂದು ಪ್ರತಿಯಾದರೂ ಹೆಚ್ಚು ಹೋಗುತ್ತದೆಯೆ? ಮೊಮ್ಮಗನ ಹುಟ್ಟಿದಹಬ್ಬಕ್ಕೆ ಪುಸ್ತಕ ಕೊಂಡು ಕೊಡುವವರು ಇವರೇ ತಾನೆ!

ಮೂವರ ಜಿಲ್ಲೆ, ನಾಲ್ವರ ಜಿಲ್ಲೆ

ಈ ಮಾತು ಹಾಸನಕ್ಕೆ ಹೆಚ್ಚಾಗಿ ಅನ್ವಯಿಸಲು ಕಾರಣವಿದೆ. ಜನ ಮುಗಿಬಿದ್ದು ಓದಿದ ಲೇಖಕರ ವಿಷಯದಲ್ಲಿ ಈ ಜಿಲ್ಲೆ ಬಡವಲ್ಲ. ಅ.ನ.ಕೃ. ಹುಟ್ಟಿದ್ದು 1908ರಲ್ಲಿ ಕೋಲಾರದಲ್ಲಾದರೂ ಹೆಸರಿನ ಮೊದಲ ಅಕ್ಷರವೇ ಅರಕಲಗೂಡು. ನೂರಕ್ಕೂ ಮಿಕ್ಕಿ ಕಾದಂಬರಿ ಬರೆದು, ಬರವಣಿಗೆಯನ್ನೇ ನಂಬಿ ಬದುಕಿದ ಅವರನ್ನು ಜನರೇ ಕಾದಂಬರಿ ಸಾರ್ವಭೌಮ ಎಂದು ಕರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹೇಮಾವತಿ ದಡದವರು. ಅವರ ಕಥೆಯಿಂದ 1974ರಲ್ಲಿ ಬಂದ ‘ಭೂತಯ್ಯನ ಮಗ ಅಯ್ಯು’ ಸಿನಿಮಾ ನೋಡದವರು ಹಳೆಯ ತಲೆಮಾರಿನಲ್ಲಿ ಸಿಗುವುದು ಕಷ್ಟ. ಎಸ್.ಎಲ್. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. 2007ರಲ್ಲಿ ಅವರ ‘ಆವರಣ’ದ ಪ್ರತಿಗಳು ಬಿಡುಗಡೆಗೆ ಮುಂಚೆಯೇ ಖರ್ಚಾಗಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವರ ವಿಚಾರಗಳನ್ನು ಒಪ್ಪದವರಿದ್ದಾರೆ, ಕಟುವಾಗಿ ಟೀಕಿಸಿದವರಿದ್ದಾರೆ. ಆದರೆ ‘ಗೃಹಭಂಗ’ದ ನಂಜಮ್ಮನಿಗಾಗಿ ಅತ್ತವರಲ್ಲಿ ಎರಡು ಪಕ್ಷವಿಲ್ಲ.

ಆ ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಮುಂದಿನ ಸಲ ಬಂದಾಗ ಹಾಕಿಸಿಕೊಂಡರಾಯಿತು ಎಂದು ಪುಸ್ತಕವನ್ನು ಚೀಲದಲ್ಲೇ ವಾಪಸು ಒಯ್ದವರಿಗೆ ಮುಂದಿನ ಸಲ ಎಂಬುದು ಇಲ್ಲವಾಯಿತು. ಈ ಮಾತಿನ ನೋವು ಏನೆಂದು ಬಿಲ್ಲು ಕೇಳುವವರಿಗೆ ಅರ್ಥವಾಗಬೇಕು.

ಅದೇ ವರ್ಷದ ಮೇ 20ರಂದು ಇದೇ ಊರಿನ ಬಾನು ಮುಷ್ತಾಕ್ ಅವರಿಗೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಮಾಡಿದ ಹನ್ನೆರಡು ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ ಸಿಕ್ಕ ಪ್ರಶಸ್ತಿ ಅದು. ಕನ್ನಡದಿಂದ ಹೋದ ಪುಸ್ತಕಕ್ಕೆ ಅದು ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಅವರು ಊರಿನ ಬಹಳ ಜನಕ್ಕೆ ವಕೀಲರಾಗಿ ಗೊತ್ತು. ಅವರ ಕಥೆಯಿಂದ ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದ್ದು ತಿಳಿದವರು ಎಷ್ಟು ಮಂದಿಯೋ! ಪ್ರಶಸ್ತಿ ಬಂದದ್ದೇ ತಡ, ಎಲ್ಲರಿಗೂ ಅವರ ರುಜು ಬೇಕು, ಜೊತೆಗೊಂದು ಸೆಲ್ಫಿ ಬೇಕು. ತಪ್ಪೇನಿಲ್ಲ, ಊರಿನ ಹೆಮ್ಮೆ ಅದು. ಆದರೆ ಇಲ್ಲೊಂದು ತಮಾಷೆ ನೋಡಿ. ಹೊಸ ಇಂಗ್ಲಿಷ್ ಪುಸ್ತಕವನ್ನು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಹಿಡಿದವರು ಯಾವ ಸಭೆಯಲ್ಲಾದರೂ ಸಾಲಿನ ಮುಂದೆ ನಿಲ್ಲಬಹುದು. 1990ರ ‘ಹೆಜ್ಜೆ ಮೂಡಿದ ಹಾದಿ’ಯ ಮಾಸಿದ ಕನ್ನಡ ಪ್ರತಿಯನ್ನು ಹಿಡಿದವರಿಗೆ, ಬಿಲ್ಲಿನ ನಿಯಮ ನಡೆದರೆ, ಸಾಲಿನಲ್ಲಿ ಜಾಗವೇ ಇಲ್ಲ! ಇದರಲ್ಲಿ ಲೇಖಕರ ತಪ್ಪು ಹುಡುಕಬಾರದು. ಹಳೆಯ ಪ್ರತಿಯನ್ನು ಕಂಡರೆ ಸಂತೋಷಪಡದ ಲೇಖಕರು ಅಪರೂಪ. ಮೇಜಿನ ಸುತ್ತ ನಿಂತ ಉಸ್ತುವಾರಿಯವರದೇ ಎಲ್ಲ ಕಾರುಬಾರು.

ಎಂಟು ಗಂಟೆಯ ಬಸ್ಸು

ಬಿಲ್ಲಿಗಿಂತ ದೊಡ್ಡ ಅಡ್ಡಿ ಇನ್ನೊಂದಿದೆ, ಹೊತ್ತು. ಆಹ್ವಾನಪತ್ರಿಕೆಯಲ್ಲಿ ಸಂಜೆ 5 ಗಂಟೆ ಎಂದಿರುತ್ತದೆ. ಮುಖ್ಯ ಅತಿಥಿಗಳ ಕಾರು ಬರುವುದು ಆರಕ್ಕೆ. ಆಮೇಲೆ ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಹಣ್ಣಿನ ಬುಟ್ಟಿ, ಆಮೇಲೆ ಪುಸ್ತಕವನ್ನು ಓದದೆಯೇ ಅದರ ಬಗ್ಗೆ ಮುಕ್ಕಾಲು ಗಂಟೆ ಮಾತಾಡುವ ಜನಪ್ರತಿನಿಧಿಗಳು. ಯಾರಿಗಾಗಿ ಜನ ಬಂದರೋ ಆ ಲೇಖಕರಿಗೆ ಮೈಕು ಸಿಗುವುದು ಕಟ್ಟಕಡೆಗೆ. ವಂದನಾರ್ಪಣೆ ಮುಗಿದು ರುಜು ಹಾಕಲು ಅವರು ಪೆನ್ನು ತೆಗೆಯುವಾಗ ಎಂಟೂವರೆ.

ಅಷ್ಟು ಹೊತ್ತಿಗೆ ಅರಕಲಗೂಡು ಕಡೆಯ, ಆಲೂರು ಕಡೆಯ ಹಳ್ಳಿಗಳಿಗೆ ಹೋಗಿ ಅಲ್ಲೇ ತಂಗುವ ನೈಟ್ ಹಾಲ್ಟ್ ಬಸ್ಸುಗಳು ನಿಲ್ದಾಣ ಬಿಟ್ಟಿರುತ್ತವೆ. ಹೆದ್ದಾರಿ ಊರುಗಳಿಗೆ ರಾತ್ರಿ ಎಷ್ಟು ಹೊತ್ತಿಗೂ ಬಸ್ಸು ಸಿಗಬಹುದು, ಒಳಗಿನ ಹಳ್ಳಿಗಳ ಪಾಡು ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಯೋಚನೆ ಇಲ್ಲದೆ ಹೆಂಗಸರು ಇಂಥ ಕಾರ್ಯಕ್ರಮಗಳಿಗೆ ಬರುವಂತಾಗಿದೆ. ಬರುವುದಕ್ಕೆ ಬಸ್ಸು ಪುಕ್ಕಟೆ, ಆದರೆ ಹೋಗುವುದಕ್ಕೆ ಬಸ್ಸೇ ಇಲ್ಲ ಅಂದರೆ? ಏಳೂಕಾಲಕ್ಕೆ ಎದ್ದು, ಚೀಲ ಕಂಕುಳಿಗೆ ಸಿಕ್ಕಿಸಿ, ವೇದಿಕೆಯ ಕಡೆ ತಿರುತಿರುಗಿ ನೋಡುತ್ತ ಹೊರಡುವ ಹೆಂಗಸರನ್ನು ಯಾರೂ ಗಮನಿಸುವುದಿಲ್ಲ. “ಹೋಗ್ಲಿ ಬಿಡ್ರಿ, ದೂರದಿಂದಾದ್ರೂ ನೋಡಿದ್ವಲ್ಲ” ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುವುದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತವರಿಗೆ ಕೇಳಿಸುತ್ತದೆ, ಸಂಘಟಕರಿಗೆ ಕೇಳಿಸುವುದಿಲ್ಲ.

ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಅತಿಥಿಗಳು ಬರುವವರೆಗೆ ಲೇಖಕರು ಹೇಗೂ ಒಳಗಿನ ಕೋಣೆಯಲ್ಲಿ ಕಾಫಿ ಕುಡಿಯುತ್ತ ಕೂತಿರುತ್ತಾರೆ. ಆ ಒಂದು ಗಂಟೆ ಹೊರಗೆ ಒಂದು ಮೇಜು, ಒಂದು ಫ್ಯಾನು, ಕುಡಿಯಲು ನೀರು ಇಟ್ಟು ಅವರನ್ನು ಕೂರಿಸಿದರೆ ಸಭೆಗೆ ಮುಂಚೆಯೇ ರುಜು ಮುಗಿಯುತ್ತದೆ. ಹೊಸ ಪುಸ್ತಕ, ಹಳೇ ಪುಸ್ತಕ, ಕೈಹೊಲಿಗೆಯ ಬೈಂಡು, ಬಣ್ಣದ ಹಾಳೆಯ ಆಟೋಗ್ರಾಫ್ ಪುಸ್ತಕ ಎಲ್ಲಕ್ಕೂ ಒಂದೇ ಸಾಲು ಇರಲಿ. ಲೇಖಕರಿಗೆ ವಯಸ್ಸಾಗಿದ್ದರೆ, ಕೈ ಸೋತಿದ್ದರೆ, ಒಬ್ಬರಿಗೆ ಒಂದೇ ರುಜು ಎಂಬ ಕಟ್ಟಳೆ ಹಾಕಲಿ, ಯಾರೂ ಬೇಡ ಎನ್ನುವುದಿಲ್ಲ. ಐದಾರು ಪುಸ್ತಕ ತಂದು ಮೇಜಿನ ಮೇಲೆ ಪೇರಿಸಿ, ‘ನಮ್ಮ ಭಾವನವರಿಗೆ, ನಮ್ಮ ಮ್ಯಾನೇಜರಿಗೆ’ ಎಂದು ಹಿಂದಿನವರ ಹೊತ್ತು ತಿನ್ನುವ ಅಭಿಮಾನಿಗಳೂ ಇದ್ದಾರೆ, ಅವರಿಗೂ ಬುದ್ಧಿ ಬರಲಿ. ಹೆಸರನ್ನು ಮೊದಲೇ ಚೀಟಿಯಲ್ಲಿ ಬರೆದು ತಂದರೆ ‘ಶೈಲಜಾನೋ ಸೈಲಜಾನೋ’ ಎಂದು ಕೇಳುವ ಹೊತ್ತೂ ಉಳಿಯುತ್ತದೆ.

ಗ್ರಂಥಾಲಯದ ಪುಸ್ತಕದ ವಿಷಯ ಸ್ವಲ್ಪ ಸೂಕ್ಷ್ಮ. ಅದರ ಮೇಲೆ ಏನೂ ಗೀಚಬಾರದು ಎಂಬುದು ಸರಿಯಾದ ನಿಯಮವೇ. ಆದರೆ ಲೇಖಕರು ಊರಿಗೆ ಬರುತ್ತಾರೆಂದು ಗೊತ್ತಾದಾಗ ಗ್ರಂಥಪಾಲಕರೇ ಅವರ ಪುಸ್ತಕಗಳ ಒಂದೊಂದು ಪ್ರತಿಯನ್ನು ಸಭೆಗೆ ತಂದು ಮೊದಲ ಪುಟದಲ್ಲಿ ರುಜು ಹಾಕಿಸಿ ಕಪಾಟಿಗೆ ಸೇರಿಸಿದರೆ ಯಾವ ಕಾನೂನು ಅಡ್ಡ ಬರುತ್ತದೆ? ಕೊಳ್ಳಲಾರದವರ ಮನೆಗೂ ಹದಿನೈದು ದಿನ ಆ ರುಜು ಹೋಗಿ ಬರುತ್ತದೆ. ಅ.ನ.ಕೃ., ಗೊರೂರರ ಕಾಲದಲ್ಲಿ ಈ ಕೆಲಸ ಮಾಡಿದ್ದರೆ ಇವತ್ತು ಅಂಥ ಪ್ರತಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಶಾಲೆಯ ಮಕ್ಕಳಿಗೆ ತೋರಿಸಬಹುದಾಗಿತ್ತು.

ತಾಲ್ಲೂಕು, ಜಿಲ್ಲಾ ಸಾಹಿತ್ಯ ಸಮ್ಮೇಳನಗಳಿಗೆ ಸಮಿತಿಗಳು ಸೇರಿದಾಗೆಲ್ಲ ಊಟದ ಸಮಿತಿ, ಮೆರವಣಿಗೆ ಸಮಿತಿ, ವೇದಿಕೆ ಸಮಿತಿ ಎಂದು ಹತ್ತಾರು ಆಗುತ್ತವೆ. ಓದುಗರ ಹೆಸರಿನಲ್ಲಿ ಒಂದೂ ಇರುವುದಿಲ್ಲ. ಸಮಿತಿಯೂ ಬೇಡ. ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಉಪಸ್ಥಿತಿ ಎಂದು ನಲವತ್ತು ಹೆಸರು ಅಚ್ಚಾಗುವ ಆಹ್ವಾನಪತ್ರಿಕೆಯಲ್ಲಿ ಒಂದು ಹೆಸರು ಕಡಿಮೆ ಮಾಡಿ, ಆ ಜಾಗದಲ್ಲಿ ‘ಸಂಜೆ 4ರಿಂದ 5: ಲೇಖಕರ ಹಸ್ತಾಕ್ಷರ, ಹಳೆಯ ಪುಸ್ತಕಗಳನ್ನೂ ತರಬಹುದು’ ಎಂದು ಒಂದು ಸಾಲು ಹಾಕಿಸಲಿ. ಪ್ರೆಸ್ಸಿನವರು ಅದಕ್ಕೆ ಬೇರೆ ಚಾರ್ಜು ಮಾಡುವುದಿಲ್ಲ.