ಹದಿಹರೆಯದವರ ಮದ್ಯ, ಗಾಂಜಾ ಬಳಕೆ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಚಿತ್ರದುರ್ಗ
(ಚಳ್ಳಕೆರೆ, ಮೊಳಕಾಲ್ಮುರು ತಹಶೀಲ್ದಾರರ ಮೂಲಕ)

ವಿಷಯ: ಎರಡೂ ತಾಲ್ಲೂಕುಗಳ ಶಾಲಾ–ಕಾಲೇಜು ಮಕ್ಕಳಲ್ಲಿ ಮದ್ಯ ಹಾಗೂ ಗಾಂಜಾ ಬಳಕೆಯ ಸಮೀಕ್ಷೆ ಮತ್ತು ಕ್ರಮ ಕೋರಿ.

ಮಾನ್ಯರೇ,

ನಮ್ಮ ಭಾಗದ ಮ್ಯಾಸಬೇಡ ಸಮುದಾಯದ ಹಟ್ಟಿಗಳಲ್ಲಿ ಹೆಂಡ ಮುಟ್ಟಬಾರದೆಂಬ ಕಟ್ಟಳೆ ತಲೆಮಾರುಗಳದು. ಈಚಲ ಮರವನ್ನೂ ದೂರವಿಟ್ಟ ಸೀಮೆ ಇದು. ಇಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲೇ ಮದ್ಯದ ಪ್ಯಾಕೆಟ್ ಸಿಗುತ್ತಿದೆ. ಗಾಂಜಾವೂ ದೂರದಿಂದಲೇ ಬರಬೇಕೆಂದಿಲ್ಲ. 2020ರಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಹೊಲದಲ್ಲೇ ಎಕರೆಗಟ್ಟಲೆ ಬೆಳೆ ಪೊಲೀಸರ ಕಣ್ಣಿಗೆ ಬಿತ್ತು.

ಎಷ್ಟು ಮಕ್ಕಳು ಯಾವುದಕ್ಕೆ ಬಿದ್ದಿದ್ದಾರೆ? ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದ 10ರಿಂದ 17 ವರ್ಷದವರಲ್ಲಿ ಶೇ 1.3ರಷ್ಟು ಮಂದಿ ಮದ್ಯ, ಶೇ 0.9ರಷ್ಟು ಮಂದಿ ಗಾಂಜಾ–ಭಂಗಿ ಬಳಸುತ್ತಾರೆ. ಅದು ಮನೆಮನೆಗೆ ಹೋಗಿ ಕೇಳಿದ ಲೆಕ್ಕ. ಮನೆಯಂಗಳದಲ್ಲಿ ನಿಂತು ಯಾವ ಹುಡುಗ ಒಪ್ಪಿಕೊಂಡಾನು?

ಯುರೋಪಿನಲ್ಲಿ 1995ರಿಂದ ನಾಲ್ಕು ವರ್ಷಕ್ಕೊಮ್ಮೆ 15–16ರ ಮಕ್ಕಳನ್ನು ತರಗತಿಯಲ್ಲೇ, ಹೆಸರು ಬರೆಸದೆ ಕೇಳುತ್ತಾರೆ. 2011ರ ಲೆಕ್ಕದಲ್ಲಿ ಹಿಂದಿನ ತಿಂಗಳು ಮದ್ಯ ಕುಡಿದವರು ಯುರೋಪಿನಲ್ಲಿ ಸರಾಸರಿ ಶೇ 57, ಅಮೆರಿಕದ ಇಂಥದೇ ಸಮೀಕ್ಷೆಯಲ್ಲಿ ಶೇ 27. ಗಾಂಜಾದಲ್ಲಿ ತಲೆಕೆಳಗು: ಅಮೆರಿಕದಲ್ಲಿ ಶೇ 18, ಯುರೋಪಿನಲ್ಲಿ ಶೇ 7. ಕುಡಿತ ಕಡಿಮೆಯಿದ್ದ ಮಾತ್ರಕ್ಕೆ ಸೇದುವುದು ಕಡಿಮೆಯಿರುವುದಿಲ್ಲ. ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರಂದು ಎರಡಕ್ಕೂ ಸೇರಿಸಿ ಒಂದೇ ಜಾಥಾ ಮಾಡಿಸಿ, ಮಕ್ಕಳನ್ನು ಬಿಸಿಲಲ್ಲಿ ನಡೆಸಿ ಕೈತೊಳೆದುಕೊಂಡರೆ ಸಾಲದು.

ಆದ್ದರಿಂದ ಎರಡೂ ತಾಲ್ಲೂಕುಗಳ ಪ್ರೌಢಶಾಲೆ, ಪಿಯು ಕಾಲೇಜುಗಳಲ್ಲಿ ಹೆಸರಿಲ್ಲದ ಪ್ರಶ್ನಾವಳಿಯ ಮೂಲಕ ಮದ್ಯ, ಗಾಂಜಾ ಬಳಕೆಯನ್ನು ಬೇರೆಬೇರೆಯಾಗಿ ಅಳೆಯಬೇಕು; ಎರಡು ವರ್ಷಕ್ಕೊಮ್ಮೆ ಮತ್ತೆ ಕೇಳಬೇಕು. ಶಾಲೆಯ ಹೆಸರು ಬಯಲಾಗಬಾರದು, ಇಲ್ಲವಾದರೆ ಮುಖ್ಯೋಪಾಧ್ಯಾಯರೇ ಉತ್ತರ ತಿದ್ದಿಸುತ್ತಾರೆ.

ಮದ್ಯ ಕೊಳ್ಳುವವರ ಕನಿಷ್ಠ ವಯಸ್ಸು 1965ರ ಅಬಕಾರಿ ಕಾಯ್ದೆ 18 ಎಂದರೆ 1967ರ ಸನ್ನದು ನಿಯಮ 21 ಎನ್ನುತ್ತದೆ. ಜಿಲ್ಲೆಯಲ್ಲಿ 21ನ್ನೇ ಪಾಲಿಸಲು ಪ್ರತಿ ಸನ್ನದುದಾರರಿಗೂ ಸೂಚಿಸಿ, ಕಿರಾಣಿ ಅಂಗಡಿಗಳಿಗೆ ಪೆಟ್ಟಿಗೆಗಟ್ಟಲೆ ಮಾಲು ಕೊಡುವವರ ಸನ್ನದು ರದ್ದುಪಡಿಸಬೇಕು. ರಾಯದುರ್ಗದ ಕಡೆಯ ದಾರಿಗಳಲ್ಲಿ ಆಂಧ್ರ ಪೊಲೀಸರೊಂದಿಗೆ ಜಂಟಿ ತಪಾಸಣೆ ನಡೆಸಬೇಕು.

ಮಕ್ಕಳಿಗೆ ಮದ್ಯ, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆಯಿದೆ; ಅದನ್ನು ಬಳಸಿ. ಸೇದಿ ಸಿಕ್ಕಿಬಿದ್ದ ಹುಡುಗನನ್ನು ಮಾತ್ರ ಠಾಣೆಯ ಬದಲು ತಾಲ್ಲೂಕು ಆಸ್ಪತ್ರೆಗೆ ಕಳಿಸಿ, ಅಲ್ಲಿ ಆಪ್ತಸಮಾಲೋಚಕರನ್ನು ನೇಮಿಸಿ.

ಐಸ್‌ಲೆಂಡಿನಲ್ಲಿ ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಅಮಲೇರಿದ 15–16ರ ಮಕ್ಕಳ ಪ್ರಮಾಣ 1998ರಲ್ಲಿ ಶೇ 42 ಇದ್ದದ್ದು 2016ಕ್ಕೆ ಶೇ 5ಕ್ಕಿಳಿಯಿತು. ಪೋಷಕರ ಒಪ್ಪಂದದ ಜೊತೆಗೆ ಸಂಜೆಯ ಆಟ, ಸಂಗೀತಕ್ಕೆ ಅಲ್ಲಿ ಸರ್ಕಾರ ಹಣ ಕೊಟ್ಟಿತು. ನಮ್ಮ ಹೋಬಳಿ ಕೇಂದ್ರಗಳಿಗೂ ದೀಪವಿರುವ ಮೈದಾನ, ಒಬ್ಬ ತರಬೇತುದಾರ ಬೇಕು.

ಕೈಗೊಂಡ ಕ್ರಮವನ್ನು ಮೂರು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಚಳ್ಳಕೆರೆ ಹಾಗೂ ಮೊಳಕಾಲ್ಮುರು ತಾಲ್ಲೂಕುಗಳ ಪೋಷಕರು ಮತ್ತು ಶಿಕ್ಷಕರು