ವಿರಾಮವಿಲ್ಲದೆ ವ್ಯಾಯಾಮವೆಲ್ಲಿ?

"ವ್ಯಾಯಾಮ ಮಾಡಿರಿ, ಆರೋಗ್ಯದಿಂದಿರಿ" ಎಂಬ ಉಪದೇಶ ಈಗ ಎಲ್ಲ ಕಡೆಯಿಂದಲೂ ಕೇಳಿಬರುತ್ತಿದೆ. ಗಿರಣಿಯ ಬಂಧುಗಳು ಇದನ್ನು ಕೇಳಿ ನಗುತ್ತಾರೆ. ಪಾಳಿಯುದ್ದಕ್ಕೂ ನಿಂತು ದುಡಿಯುವವನಿಗೆ, ಮೂಟೆ ಹೊರುವವನಿಗೆ ಇನ್ನೆಂಥ ವ್ಯಾಯಾಮ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ದುಡಿಮೆ ಬೇರೆ, ವ್ಯಾಯಾಮ ಬೇರೆ.

ಗಾಣದೆತ್ತು ದಿನವಿಡೀ ನಡೆಯುತ್ತದೆ. ಅದು ವಾಯುಸೇವನೆಗೆ ಹೊರಟಿದೆಯೆಂದು ಯಾರೂ ಹೇಳುವುದಿಲ್ಲ. ವಿಜ್ಞಾನಿಗಳೂ ಈಗ ಇದೇ ಮಾತಿಗೆ ಬಂದಿದ್ದಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಪ್ರದೇಶದ ಒಂದು ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಸುಮಾರು ಹತ್ತು ವರ್ಷ ಗಮನಿಸಿ ಬರೆದ ವರದಿಯೊಂದು 2021ರಲ್ಲಿ ಪ್ರಕಟವಾಯಿತು. ಬಿಡುವಿನಲ್ಲಿ ಮೈ ದಂಡಿಸಿದವರಲ್ಲಿ ಹೃದ್ರೋಗವೂ ಮರಣವೂ ಕಡಿಮೆ. ಕೆಲಸದಲ್ಲಿ ಮೈ ದಂಡಿಸಿದವರಲ್ಲಿ ಹೆಚ್ಚು. ಆರ್ಥಿಕ ಸ್ಥಿತಿ, ಜೀವನಕ್ರಮಗಳ ಅಂತರವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಫಲ ಇದೇ. ಇದಕ್ಕೆ ಅವರು ಊಹಿಸುವ ಕಾರಣ ಸರಳವಾಗಿದೆ: ತಾನಾಗಿ ಓಡುವವನು ದಣಿದಾಗ ನಿಲ್ಲಬಲ್ಲ. ಯಂತ್ರದ ಮುಂದೆ ನಿಂತವನು ನಿಲ್ಲಿಸಲಾರ. ಗಂಟೆಗಟ್ಟಲೆ ಏರಿದ ರಕ್ತದೊತ್ತಡ ಇಳಿಯಲು ಅವಕಾಶವೇ ಇಲ್ಲ.

ಅಂಗಡಿಯ ಬಂಧುಗಳ ಕಷ್ಟ ಇನ್ನೊಂದು ಬಗೆಯದು. ಬೆಳಿಗ್ಗೆ ಬಾಗಿಲು ತೆರೆದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರೆ ಏಳುವುದು ರಾತ್ರಿಗೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಬಿರುಸಾಗಿ ನಡೆಯುವಂಥ ಶ್ರಮ ಮಾಡಬೇಕೆಂದೂ ಕೂರುವುದನ್ನು ಕಡಿಮೆ ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಇದರಿಂದ ನಿದ್ರೆ ಸುಧಾರಿಸುತ್ತದೆ, ಮನಸ್ಸಿನ ಖಿನ್ನತೆ ತಗ್ಗುತ್ತದೆ. ದಿನಕ್ಕೆ ಅರ್ಧ ಗಂಟೆಯೂ ಬೇಡ. ಆ ಅರ್ಧ ಗಂಟೆಯನ್ನು ಕಸಿದವರು ಯಾರು?

1948ರ ಕಾರ್ಖಾನೆ ಕಾಯಿದೆ ದಿನದ ದುಡಿಮೆಗೆ 9 ಗಂಟೆಯ ಮಿತಿ ಹಾಕಿತ್ತು. 2023ರಲ್ಲಿ ಕರ್ನಾಟಕದ ವಿಧಾನಮಂಡಲ ಅದನ್ನು ತಿದ್ದಿ, ವಾರಕ್ಕೆ 48 ಗಂಟೆಯನ್ನು ಉಳಿಸಿಕೊಂಡು, ದಿನಕ್ಕೆ 12 ಗಂಟೆಯವರೆಗೆ ಎಳೆಯಲು ದಾರಿಮಾಡಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕಿತ್ತಂತೆ! ಮಾಲೀಕ ಚೀಟಿ ಮುಂದಿಟ್ಟಾಗ ಸಹಿ ಹಾಕೆನೆಂದು ಹೇಳಿ ಮರುದಿನ ಗೇಟಿನೊಳಗೆ ಬರುವ ಧೈರ್ಯ ಎಷ್ಟು ಮಂದಿಗಿದೆ? ಹನ್ನೆರಡು ಗಂಟೆ ದುಡಿದು ಬಂದವನಿಗೆ ಗರಡಿಯ ದಾರಿ ತಿಳಿದಿದ್ದರೂ ಕಾಲು ಏಳುವುದಿಲ್ಲ. ಮನೆಯಲ್ಲಿ ಇನ್ನೊಂದು ಪಾಳಿ ಕಾದಿರುವ ಹೆಣ್ಣುಮಕ್ಕಳ ಮಾತಂತೂ ಹೇಳುವುದೇ ಬೇಡ.

ಹೀಗಿರುವಾಗ ಸೋಮಾರಿತನವೆಂದು ಬಡವನನ್ನು ಹಳಿಯುವುದು ಅನ್ಯಾಯ. ತಪ್ಪು ನಮ್ಮಲ್ಲಿಯೂ ಉಂಟು. ಕೂಲಿ, ಬೋನಸ್ಸುಗಳಿಗಾಗಿ ಕೂಗಿದಷ್ಟು ಗಟ್ಟಿಯಾಗಿ ನಾವು ವಿರಾಮಕ್ಕಾಗಿ ಕೂಗಲಿಲ್ಲ. ಓವರ್‌ಟೈಮಿನ ಕಾಸಿಗೆ ನಾವೇ ಸಂಜೆಗಳನ್ನು ಮಾರಿಕೊಂಡೆವು.

ನಮ್ಮ ಬೇಡಿಕೆಗಳು ಮೂರು. ದಿನಕ್ಕೆ 8 ಗಂಟೆಗೆ ಮೀರದ ದುಡಿಮೆ, ಅದರಲ್ಲಿಯೇ ಬದುಕಲು ಸಾಲುವ ಕೂಲಿ. ಊರಿನ ಮೈದಾನವನ್ನು ಬಾಡಿಗೆಗೆ ಬಿಡದೆ, ಪಾಳಿ ಮುಗಿಸಿ ಬಂದವರಿಗೂ ಸಿಗುವಂತೆ ದೀಪ ಹಾಕಿ ತೆರೆದಿಡುವುದು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರತ್ಯೇಕ ವೇಳೆ. ವರ್ತಕ ಬಂಧುಗಳು ತಮ್ಮಲ್ಲಿಯೇ ಒಪ್ಪಂದ ಮಾಡಿಕೊಂಡು, ಮಾಲೀಕನಿಗೂ ಆಳಿಗೂ ವಾರಕ್ಕೊಂದು ದಿನ ಬಾಗಿಲು ಮುಚ್ಚುವುದು.

ದೇಹ ದುಡಿಯುವುದಕ್ಕೆ ಮಾತ್ರವಲ್ಲ, ಬಾಳುವುದಕ್ಕೂ ಇದೆ. ಮುಂದಿನ ಸಂಘದ ಸಭೆಯಲ್ಲಿ ಕೂಲಿಯ ಮಾತಿನೊಡನೆ ಈ ಮಾತೂ ಬರಲಿ.